ಕೈ ನಡುಗುವವರ ಮನೆಯಲ್ಲಿ

ಹೋಟೆಲು ಉದ್ಯಮವೆಂದರೆ ಕೈಯ ಉದ್ಯಮ. ಒಂದು ಕೈಯಲ್ಲಿ ಆರು ಲೋಟ, ಇನ್ನೊಂದರಲ್ಲಿ ಮೂರು ತಟ್ಟೆ ಪೇರಿಸಿಕೊಂಡು, ಮೇಜುಗಳ ಸಂದಿಯಲ್ಲಿ ಒಂದು ಹನಿಯೂ ಚೆಲ್ಲದಂತೆ ನಡೆದುಹೋಗುವ ಸಪ್ಲಾಯರನನ್ನು ಕಂಡು ಗಿರಾಕಿಗಳು ಬೆರಗಾಗುವುದುಂಟು. ನಮಗೆ ಅದರಲ್ಲಿ ಬೆರಗೇನೂ ಇಲ್ಲ, ಅದು ನಮ್ಮ ನಿತ್ಯದ ಅನ್ನ. ಅಂಥ ಕೈಯೊಂದು ನಡುಗಲಾರಂಭಿಸಿದುದನ್ನು ನಾವು ಕಣ್ಣಾರೆ ಕಂಡೆವು. ಕಂಡೂ ಅದೇನೆಂದು ತಿಳಿಯದೆ ಹೋದೆವು. ಈ ಲೇಖನ ಬರೆಯಲು ಅದೇ ಕಾರಣ.

2014ನೆಯ ಇಸವಿಯ ಮಾತು. ಆಗ ನಾವು ಪತ್ರಿಕೆಯ ಗೋಜಿಗೆ ಬಂದಿರಲಿಲ್ಲ. ನಾಸಿಕದಲ್ಲಿ ಹೋಟೆಲು ನಡೆಸುತ್ತಿದ್ದೆವು. ಕುಂದಾಪುರದ ಕಡೆಯ ಒಬ್ಬರು ನಮ್ಮಲ್ಲಿ ಹನ್ನೊಂದು ವರ್ಷಗಳಿಂದ ಸಪ್ಲಾಯರರಾಗಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಲ್ಲವರು ಊಹಿಸಿದರೂ ಬಾಯಿಬಿಡಬಾರದೆಂದು ಪ್ರಾರ್ಥನೆ. ಅವರು ಸುಮ್ಮನೆ ನಿಂತಿರುವಾಗ ಬಲಗೈಯ ಹೆಬ್ಬೆರಳು ಬೀಡಿ ಸುತ್ತುವವರಂತೆ ತೋರುಬೆರಳಿನ ಮೇಲೆ ಉರುಳುತ್ತಿತ್ತು. ಬಿಲ್ಲಿನ ಅಂಕಿಗಳು ದಿನೇ ದಿನೇ ಕಿರಿದಾಗುತ್ತ ಇರುವೆಯ ಸಾಲಿನಂತಾದುವು. ಮುಖದಲ್ಲಿ ನಗುವಿಲ್ಲವೆಂದು ಹಳೆಯ ಗಿರಾಕಿಯೊಬ್ಬರು ದೂರಿದರು. ಒಂದು ಭಾನುವಾರದ ಜನಜಂಗುಳಿಯಲ್ಲಿ ಎರಡು ಕಾಫಿ ಒಬ್ಬರ ಬಿಳಿಯ ಅಂಗಿಯ ಮೇಲೆ ಚೆಲ್ಲಿತು.

ನಡುಗುವ ಕೈ, ಎಳೆಯುವ ಕಾಲು, ತೊದಲುವ ಮಾತು - ಗಲ್ಲೆಯ ಮೇಲೆ ಕುಳಿತ ಮನುಷ್ಯನಿಗೆ ಇದರಿಂದ ಹೊಳೆಯುವುದು ಒಂದೇ. ಇವರು ಕುಡಿಯತೊಡಗಿದ್ದಾರೆಂದು ನಾವು ತೀರ್ಮಾನಿಸಿದೆವು. ಬಾಯಿ ಮೂಸಿ ನೋಡುವಷ್ಟು ಕೀಳ್ತನಕ್ಕೂ ಇಳಿದೆವು. ವಾಸನೆ ಬರಲಿಲ್ಲ; ಆದರೂ ಮೇಜಿನ ಕೆಲಸದಿಂದ ತೆಗೆದು ಪಾತ್ರೆ ತೊಳೆಯುವಲ್ಲಿಗೆ ಹಾಕಿದೆವು. ಅವರು ಒಂದು ಮಾತೂ ಆಡಲಿಲ್ಲ. ಆರು ತಿಂಗಳ ತರುವಾಯ, ಮಗನಿಗೆ ಔರಂಗಾಬಾದಿನ ವಾಳೂಜ್ ಕಾರ್ಖಾನೆಯೊಂದರಲ್ಲಿ ಕೆಲಸವಾಗಿದೆ, ಅಲ್ಲಿಗೆ ಹೋಗುವೆನೆಂದರು. ಲೆಕ್ಕ ಚುಕ್ತಾ ಮಾಡಿ ಕಳುಹಿಸಿದೆವು. ಕೈ ಏಕೆ ನಡುಗುತ್ತದೆಂದು ಕೇಳಲಿಲ್ಲ.

2016ರಲ್ಲಿ ವೈದ್ಯರು ಅದನ್ನು ಪಾರ್ಕಿನ್ಸನ್ ರೋಗವೆಂದು ನಿರ್ಣಯಿಸಿದರಂತೆ. ಆ ವಾರ್ತೆ ನಮ್ಮ ಕಿವಿಗೆ ಬಿದ್ದುದು ತೀರ ಈಚೆಗೆ. ಕಳೆದ ತಿಂಗಳು ನಾಸಿಕ್ ರೋಡಿನಲ್ಲಿ ತಪೋವನ ಎಕ್ಸ್‌ಪ್ರೆಸ್ ಹತ್ತಿ, ಮನ್ಮಾಡ್ ದಾಟಿ, 2023ರಿಂದ ಛತ್ರಪತಿ ಸಂಭಾಜಿನಗರವೆಂದು ಕರೆಯಲ್ಪಡುವ ಆ ಊರಿಗೆ ಹೋಗಿ ಬಂದೆವು.

ರೋಗದ ವಿಷಯವಾಗಿ ಎರಡು ಮಾತು. ಎಸ್.ಎಸ್.ಎಲ್.ಸಿ.ಯಷ್ಟೇ ಓದಿದ ನಾವು ವೈದ್ಯಶಾಸ್ತ್ರ ಹೇಳಹೊರಟಿಲ್ಲ. ವೈದ್ಯರಲ್ಲಿ ಕೇಳಿ ತಿಳಿದುದನ್ನಷ್ಟೇ ಬರೆಯುತ್ತೇವೆ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು 1817ರಲ್ಲಿ ಇದನ್ನು ವಿವರಿಸಿ ಬರೆದರು. ನಮ್ಮ ಆಯುರ್ವೇದದವರು ಕಂಪವಾತವೆನ್ನುತ್ತಾರೆ. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ಸಾಯುತ್ತವೆ. ಅದರಿಂದ ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಅನೇಕರಿಗೆ ಕೈ ನಡುಗುತ್ತದೆ. ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು, ಇವು ನಡುಕಕ್ಕಿಂತ ವರ್ಷಗಟ್ಟಲೆ ಮುಂಚೆಯೇ ತೋರಬಹುದು. ಬುಡಸಹಿತ ಗುಣಪಡಿಸುವ ಔಷಧ ಈವರೆಗೆ ಇಲ್ಲ. ಆದರೆ ಲೆವೊಡೋಪಾ ಎಂಬ ಮಾತ್ರೆ ಚಲನೆಯನ್ನು ಬಹುಮಟ್ಟಿಗೆ ಮರಳಿ ಕೊಡುತ್ತದೆ. ನಮ್ಮ ಬೇಲಿಗಳಲ್ಲಿ ಹಬ್ಬಿ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿ ಈ ದ್ರವ್ಯ ಉಂಟೆಂದು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲಿಯೇ ಬೇರ್ಪಡಿಸಿ ತೋರಿಸಿದ್ದರು. ಹಾಗೆಂದು ಮಾತ್ರೆಯ ಜತೆಗೆ ಅದರ ಪುಡಿಯನ್ನೂ ನುಂಗುವುದು ಅಪಾಯ, ಪ್ರಮಾಣ ತಪ್ಪುತ್ತದೆ.

ಇನ್ನು ಆ ಮನೆಯ ಮಾತಿಗೆ ಬರೋಣ. ಎರಡನೆಯ ಮಾಳಿಗೆ, ಒಂದು ಕೋಣೆ, ಒಂದು ಅಡಿಗೆಮನೆ. ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲಿ ದೊಡ್ಡ ಗಡಿಯಾರ. ಅದರ ಕೆಳಗೆ ಮಗ ಬರೆದಂಟಿಸಿದ ಕಾಗದ - ಏಳು, ಹನ್ನೊಂದು, ಮೂರು, ಏಳು. ಆ ಮನೆಯನ್ನು ನಡೆಸುವುದು ಈ ನಾಲ್ಕು ಅಂಕಿಗಳು. ಮಾತ್ರೆಯ ಬಲ ಇಳಿಯುವ ಹೊತ್ತಿಗೆ ಇನ್ನೊಂದು ಬೀಳದಿದ್ದರೆ ಆ ಮನುಷ್ಯರು ಕುಳಿತಲ್ಲಿ ಕಲ್ಲಾಗುತ್ತಾರೆ. ಬೇಳೆ, ಹಾಲು, ಮೊಸರುಗಳಲ್ಲಿರುವ ಸಸಾರಜನಕವು ಮಾತ್ರೆಯೊಡನೆ ಸ್ಪರ್ಧೆಗಿಳಿದು ಅದನ್ನು ಮಿದುಳಿಗೆ ಹೋಗಗೊಡದು. ಆದುದರಿಂದ ಊಟಕ್ಕೆ ಅರ್ಧ ಗಂಟೆ ಮುಂಚಿತವಾಗಿ ಬರಿಯ ನೀರಿನಲ್ಲಿ ಮಾತ್ರೆ ಕೊಡಬೇಕು. “ಮೊದಲು ಬೆಳಗಿನ ಕಾಫಿಯೊಡನೆಯೇ ಕೊಡುತ್ತಿದ್ದೆ. ಮಾತ್ರೆ ಕೆಲಸ ಮಾಡುವುದಿಲ್ಲವೆಂದು ವೈದ್ಯರೊಡನೆ ಜಗಳವಾಡಿದೆ. ಹಾಲೇ ಶತ್ರುವೆಂದು ಎರಡು ವರ್ಷ ಯಾರೂ ಹೇಳಲಿಲ್ಲ,” ಎಂದರು ಆ ತಾಯಿ. ವೈದ್ಯರು ಹೇಳಿದ್ದಿರಲೂ ಬಹುದು. ಮರಾಠಿಯಲ್ಲಿ ಹೇಳಿರುತ್ತಾರೆ, ಇವರದು ತರಕಾರಿ ಕೊಳ್ಳುವಷ್ಟರ ಮರಾಠಿ. ನಮ್ಮವರು ಡಾಕ್ಟರರಲ್ಲಿಗೆ ಹೋಗುವಾಗ ಆ ಭಾಷೆ ಬಲ್ಲ ಒಬ್ಬರನ್ನು ಜತೆಗೊಯ್ಯುವುದು ಔಷಧಕ್ಕಿಂತ ಮೊದಲಿನ ಔಷಧವೆಂದು ನಮಗನ್ನಿಸಿತು.

ಒಮ್ಮೆ ಜ್ವರವೆಂದು ಒಂದು ಆಸ್ಪತ್ರೆಗೆ ಸೇರಿಸಿದರಂತೆ. ಅದರ ಹೆಸರು ನಮಗೆ ಬೇಡ. ವಾರ್ಡಿನ ಮಾತ್ರೆಗಳೆಲ್ಲ ವಾರ್ಡಿನ ವೇಳೆಗೇ ಆಗಬೇಕೆಂಬುದು ಅಲ್ಲಿಯ ಕಟ್ಟಳೆ; ಜತೆಗೆ ವಾಂತಿ ನಿಲ್ಲಿಸಲು ಮೆಟೊಕ್ಲೋಪ್ರಮೈಡ್ ಚುಚ್ಚಿದರು. ಮೂರು ದಿನಗಳಲ್ಲಿ ಅವರು ಮರದ ದಿಮ್ಮಿಯಂತಾದರು. ಆ ಔಷಧವೂ, ಗೊಂದಲಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಎಂಬುದೂ ಡೋಪಮೈನಿನ ದಾರಿಯನ್ನೇ ಕಟ್ಟುವಂಥವು. ಈ ರೋಗಿಗಳಿಗೆ ಸಲ್ಲವು. ಲೆವೊಡೋಪಾವನ್ನು ತಟಕ್ಕನೆ ನಿಲ್ಲಿಸಿದರೂ ಪ್ರಾಣಕ್ಕೆ ಎರವಾಗಬಹುದು. ಓದುಗರು ಈ ಎರಡು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು, ರೋಗಿಯ ಮಾತ್ರೆಯ ವೇಳೆಯನ್ನೂ ಅದರಲ್ಲಿಯೇ ನಮೂದಿಸಿ ಕಿಸೆಯಲ್ಲಿ ಇರಿಸಿಕೊಳ್ಳಲೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಅಡಿಗೆಮನೆಯ ಹೊಸ್ತಿಲಲ್ಲಿ ನೆಲದ ಮೇಲೆ ಗೇಣಿಗೊಂದರಂತೆ ಕೆಂಪು ಪಟ್ಟಿಗಳನ್ನು ಅಂಟಿಸಿದ್ದರು. ಬಾಗಿಲ ಬಳಿಗೆ ಬಂದೊಡನೆ ಇವರ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ, ಎಳೆದರೆ ಬೀಳುತ್ತಾರೆ. ಪಟ್ಟಿಯನ್ನು ನೋಡಿ ದಾಟೆಂದರೆ ದಾಟುತ್ತಾರೆ. ಪುಣೆಯಲ್ಲಿ ಬೆಳೆದ ಮಿಲೇಹಾ ಸೋನೆಜಿ ಎಂಬ ತರುಣಿ ತಮ್ಮ ಚಿಕ್ಕಪ್ಪನವರಲ್ಲಿ ಇಂಥದೇ ಸೋಜಿಗ ಕಂಡಿದ್ದರು. ಸಮನೆಲದಲ್ಲಿ ನಡೆಯಲಾರದವರು ಮೆಟ್ಟಿಲನ್ನು ಸಲೀಸಾಗಿ ಇಳಿಯುತ್ತಿದ್ದರು. ಅವರು ಮೆಟ್ಟಿಲಿನ ಚಿತ್ರವನ್ನೇ ನೆಲಕ್ಕೆ ಅಂಟಿಸಿ ಚಿಕ್ಕಪ್ಪನವರನ್ನು ನಡೆಸಿದ ವೃತ್ತಾಂತವನ್ನು 2015ರಲ್ಲಿ ಭಾಷಣವಾಗಿ ಲೋಕಕ್ಕೆ ತಿಳಿಸಿದರು. ನಮ್ಮ ತಾಯಿಗೆ ಅದಾವುದೂ ಗೊತ್ತಿಲ್ಲ. ಗಂಡ ರಂಗೋಲಿಯ ಗೆರೆಯನ್ನು ತುಳಿಯದೆ ದಾಟಿದುದನ್ನು ಒಂದು ಹಬ್ಬದ ದಿನ ಕಂಡು ತಾವಾಗಿಯೇ ಕಂಡುಹಿಡಿದರು.

ದನಿಯೂ ಕುಗ್ಗಿದೆ. ಗಟ್ಟಿಯಾಗಿ ಮಾತಾಡಿಸುವ ಅಭ್ಯಾಸ ಮಾಡಿಸಿರೆಂದು ವೈದ್ಯರು ಹೇಳಿದ್ದರಂತೆ. ಏನೆಂದು ಗಟ್ಟಿಯಾಗಿ ಮಾತಾಡುವುದು? ಕಡೆಗೆ ದಿನಕ್ಕೆರಡು ಸಲ ಇವರು ಗ್ರಾಹಕರಾಗಿ ಕುಳಿತುಕೊಳ್ಳುತ್ತಾರೆ, ಅವರು ಕೂಗುತ್ತಾರೆ: “ಎರಡು ಇಡ್ಲಿ ಒಂದು ವಡೆ! ಮೂರು ಕಾಫಿ, ಒಂದು ಸ್ಟ್ರಾಂಗ್!” ನಮ್ಮೆದುರಿಗೂ ಕೂಗಿದರು. ಹನ್ನೊಂದು ವರ್ಷ ನಮ್ಮ ಅಡಿಗೆಮನೆಯ ಗೋಡೆಗೆ ಬಡಿದ ಸ್ವರ ಅದು. ನಾವು ತಲೆ ತಗ್ಗಿಸಿ ಕುಳಿತೆವು.

ಇಷ್ಟನ್ನು ಬರೆದಾಗ ಎಲ್ಲವೂ ಸುಸೂತ್ರವಾಗಿ ನಡೆದಿದೆಯೆಂದು ತೋರೀತು. ಹಾಗಲ್ಲ. ರಾತ್ರಿ ಅವರು ಕನಸಿನಲ್ಲಿ ಒದೆಯುತ್ತಾರೆ. ಮೂರು ಸಲ ಎಬ್ಬಿಸಿ ಬಚ್ಚಲಿಗೆ ಒಯ್ಯಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕು. ತಟಕ್ಕನೆ ಎದ್ದುನಿಂತರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ತೆಳುವಾದ ನೀರು ಗಂಟಲಲ್ಲಿ ತಪ್ಪಿ ಶ್ವಾಸನಾಳಕ್ಕೆ ಇಳಿಯುವ ಭಯ. ನೇರವಾಗಿ ಕೂರಿಸಿ ಗುಟುಕು ಗುಟುಕಾಗಿ ಕೊಡಬೇಕು. ಕೆಲವು ಸಂಜೆ ಇಲ್ಲದ ಬೆಕ್ಕೊಂದು ಮೂಲೆಯಲ್ಲಿ ಕುಳಿತಿದೆಯೆನ್ನುತ್ತಾರೆ. ಇಷ್ಟರ ನಡುವೆ ಆ ತಾಯಿ ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತಾರೆ. ಮಗನ ಕೆಲಸ ಪಾಳಿಯದು. ಎಂಟು ಗಂಟೆ ದುಡಿದರೆ ಅವನನ್ನು ಬಿಡಿಸಲು ಇನ್ನೊಬ್ಬ ಬರುತ್ತಾನೆ. ತಾಯಿಯದೂ ಪಾಳಿಯೇ, ಆದರೆ ಬಿಡಿಸುವವರು ಇಲ್ಲ. ವರ್ಷಗಳಿಂದ ಇಲ್ಲ.

“ಒಂದು ದಿನ ಅನ್ನವನ್ನೆಲ್ಲ ಚೆಲ್ಲಿದರು. ಆ ಕೈಗೆ ಪಟ್ಟನೆ ಹೊಡೆದುಬಿಟ್ಟೆ,” ಎಂದರು ಅಡಿಗೆಮನೆಯಲ್ಲಿ, ಗಂಡನಿಗೆ ಕೇಳಿಸದಂತೆ. “ಬೇಕೆಂದೇ ನಡುಗಿಸುತ್ತಾರೆಂದು ಅನ್ನಿಸಿತು. ಆ ರಾತ್ರಿ, ನಾಳೆ ಇಬ್ಬರಲ್ಲಿ ಒಬ್ಬರು ಏಳದಿದ್ದರೆ ಒಳ್ಳೆಯದೆಂದುಕೊಂಡೆ. ಯಾರೆಂದು ಮಾತ್ರ ದೇವರಿಗೆ ಹೇಳಲಿಲ್ಲ.” ನಾವು ಏನನ್ನು ಹೇಳಬಲ್ಲೆವು? ಬೇಕೆಂದೇ ಎಂದು ಆ ಕೈಯ ಮೇಲೆ ಮೊದಲು ತೀರ್ಪಿತ್ತವರು ನಾವು.

ಹೋಟೆಲು ಕಾರ್ಮಿಕರು ಮರೆಯಲಾಗದ ಒಬ್ಬರ ನೆನಪು ಆಗ ಬಂದಿತು. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿ, ಅಲ್ಲಿಯ ಹೋಟೆಲು ಮತ್ತು ಸಾರಿಗೆಯ ಕೆಲಸಗಾರರನ್ನು ಸಂಘಟಿಸಿ, 1949ರಲ್ಲಿ ಮುಂಬಯಿಗೆ ಬಂದು, ಚೌಪಾಟಿಯಲ್ಲಿ ಮಲಗಿ ರಾತ್ರಿ ಕಳೆದ ಜಾರ್ಜ್ ಫರ್ನಾಂಡಿಸರು. 1974ರಲ್ಲಿ ದೇಶದ ರೈಲುಗಳನ್ನೆಲ್ಲ ನಿಲ್ಲಿಸಿದ ಧೀರ, ಮುಂದೆ ರಕ್ಷಣಾಮಂತ್ರಿ. ಅವರನ್ನು ಕಡೆಗಾಲದಲ್ಲಿ ಅಲ್ಝೈಮರ್ ಮತ್ತು ಪಾರ್ಕಿನ್ಸನ್ ರೋಗಗಳು ಹಿಡಿದುವು. 1980ರ ದಶಕದಿಂದ ಬೇರೆಯಾಗಿದ್ದ ಪತ್ನಿ ಲೈಲಾ ಕಬೀರರು 2010ರಲ್ಲಿ ಮರಳಿ ಬಂದು ಶುಶ್ರೂಷೆಯ ಹೊಣೆ ಹೊತ್ತರು. ಅವರನ್ನು ಯಾರು ನೋಡಬಹುದು, ಯಾರು ನೋಡಬಾರದೆಂಬ ವ್ಯಾಜ್ಯ ದೆಹಲಿಯ ಉಚ್ಚ ನ್ಯಾಯಾಲಯಕ್ಕೂ ಹೋಯಿತು. 2019ರ ಜನವರಿ 29ರಂದು ಅವರು ತೀರಿಕೊಂಡರು. ಆ ವ್ಯಾಜ್ಯದ ಸರಿತಪ್ಪುಗಳು ನಮಗೆ ಬೇಡ. ಲಕ್ಷಾಂತರ ಜನ ಹೆಗಲ ಮೇಲೆ ಹೊತ್ತು ಮೆರೆಸಿದವರನ್ನೂ ಕಡೆಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಬೇಕಾದುದು ಮನೆಯ ಒಂದೆರಡು ಕೈಗಳು. ನೋಡಬಂದೇವೆಂದು ಹಕ್ಕು ಕೇಳಿದವರು ಅಲ್ಲಿ ಅನೇಕರಿದ್ದರು. ಸಂಭಾಜಿನಗರದ ಆ ಕೋಣೆಗೆ ನೋಡಬಂದವರೇ ಇಲ್ಲ.

ನೆಂಟರ ಸಲಹೆ ಒಂದೇ: ಊರಿಗೆ ಕಳುಹಿಸಿ. ನಮ್ಮವರ ಬಾಯಲ್ಲಿ ಈ ಮಾತು ಸದಾ ಸಿದ್ಧವಾಗಿರುತ್ತದೆ. ಊರಿನಲ್ಲಿ ಗಾಳಿಯುಂಟು, ಅಂಗಳವುಂಟು, ಮಣಿಪಾಲದ ಆಸ್ಪತ್ರೆಯೂ ದೂರವಿಲ್ಲ, ಒಪ್ಪಿದೆವು. ಆದರೆ ಅಲ್ಲಿ ನೋಡುವವರು ಎಪ್ಪತ್ತು ದಾಟಿದ ಅಣ್ಣ ಒಬ್ಬರೇ. ಮಗನ ಸಂಬಳ ಇಲ್ಲಿ, ಗಡಿಯಾರವನ್ನು ಕಾಯುವ ಹೆಂಡತಿ ಇಲ್ಲಿ. ಊರಿಗೆ ಕಳುಹಿಸಿ ಎನ್ನುವವರಲ್ಲಿ ಹೆಚ್ಚಿನವರು ತಮ್ಮ ಕಣ್ಣೆದುರಿನಿಂದ ಕಳುಹಿಸಿ ಎನ್ನುವವರೇ ಸರಿ. ನಾವೂ ಅಂಥವರಲ್ಲೊಬ್ಬರಾಗಿದ್ದೆವಲ್ಲವೇ?

ಉಪಯೋಗವಾದೀತೆಂದು ಕೆಲವು ಸಂಗತಿ ತಿಳಿಸುತ್ತೇವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಪಾರ್ಕಿನ್ಸನ್ ರೋಗವನ್ನೂ ಸೇರಿಸಲಾಗಿದೆ. ಸರಕಾರದ ವೈದ್ಯಮಂಡಲಿಯಿಂದ ಪ್ರಮಾಣಪತ್ರ ಪಡೆಯಬಹುದು. ಸಂಭಾಜಿನಗರದಲ್ಲಿ ಘಾಟಿ ಎಂದು ಜನ ಕರೆಯುವ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸತಕ್ಕದ್ದು. ಮುಂಬಯಿಯಲ್ಲಿ 2001ರಲ್ಲಿ ಸ್ಥಾಪನೆಯಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿಯು ರೋಗಿಗಳನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಒಟ್ಟಿಗೆ ಕೂರಿಸಿ ವ್ಯಾಯಾಮ, ಮಾತುಕತೆ ನಡೆಸುತ್ತದೆ. ಪುಣೆಯಲ್ಲಿ ಪಾರ್ಕಿನ್ಸನ್ಸ್ ಮಿತ್ರಮಂಡಳ ಮರಾಠಿಯಲ್ಲಿ ಅಂಥದೇ ಕಾರ್ಯ ಮಾಡುತ್ತಿದೆ. ಕನ್ನಡಿಗರು ಇಂಥಲ್ಲಿ ಸಂಕೋಚಪಟ್ಟು ಹಿಂದೆ ನಿಲ್ಲಬಾರದು.

ನಾವು ಬರುವ ಮುನ್ನವೇ ಆ ಬೀದಿಯ ಇಬ್ಬರು ಹೆಂಗಸರು, ಒಬ್ಬರು ನಮ್ಮ ಉಡುಪಿಯವರು, ಇನ್ನೊಬ್ಬರು ಮರಾಠಿಯವರು, ಮಂಗಳವಾರ ಮಧ್ಯಾಹ್ನ ಮೂರರ ಮಾತ್ರೆಯಾದ ಮೇಲೆ ಎರಡು ಗಂಟೆ ಬಂದು ಕೂರಲು ಒಪ್ಪಿದ್ದರು. ಮೊದಲ ಮಂಗಳವಾರ ಏನು ಮಾಡಿದಿರೆಂದು ತಾಯಿಯನ್ನು ಕೇಳಿದೆವು. ದೇವಸ್ಥಾನಕ್ಕೆ ಹೋಗಿರಬಹುದೆಂದು ನಮ್ಮ ಊಹೆ.

“ಗುಲ್‌ಮಂಡಿ ಪೇಟೆಗೆ ಹೋದೆ,” ಎಂದರು. “ಏನೂ ಕೊಳ್ಳಲಿಲ್ಲ. ಸೀರೆ ಅಂಗಡಿಯ ಎದುರು ಸುಮ್ಮನೆ ನಿಂತಿದ್ದೆ.”

ಶುಕ್ರವಾರದ ಎರಡು ಗಂಟೆಗೆ ಇನ್ನೂ ಯಾರೂ ದೊರೆತಿಲ್ಲ. ಆ ಊರಿನಲ್ಲಿರುವ ಓದುಗರಾರಾದರೂ ಮನಸ್ಸು ಮಾಡುವುದಾದರೆ ನಮ್ಮ ಕಚೇರಿಗೆ ಒಂದು ಮಾತು ತಿಳಿಸಿದರೆ ಸಾಕು, ವಿಳಾಸವನ್ನು ಖಾಸಗಿಯಾಗಿ ಕೊಡುತ್ತೇವೆ. ಹೊರಡುವ ಮುನ್ನ ನಾವು ಆ ಹಳೆಯ ಭಾನುವಾರದ ಮಾತೆತ್ತಿದೆವು. ಹೇಗೆ ಆರಂಭಿಸಬೇಕೆಂದು ತಿಳಿಯದೆ ತಡವರಿಸಿದೆವು. ಅವರ ಮುಖ ಕದಲಲಿಲ್ಲ; ಕದಲಿಸುವುದು ಈಗ ಅವರ ವಶದಲ್ಲಿಲ್ಲ. ತುಸು ಹೊತ್ತಿನ ಮೇಲೆ ಮೆಲುದನಿಯಲ್ಲಿ, “ಆ ಬಿಳಿ ಅಂಗಿಯವರು ಕಾಫಿಯ ಹಣ ಕೊಟ್ಟರೋ?” ಎಂದು ಕೇಳಿದರು. ಕೊಡಲಿಲ್ಲವೆಂದೆವು. ಅಷ್ಟರಲ್ಲಿ ಗಡಿಯಾರ ಮೂರು ತೋರಿಸಿತು. ತಾಯಿ ನೀರಿನ ಲೋಟ ಹಿಡಿದು ಬಂದರು.