ಪೂರ್ವಾಭಾದ್ರೆಯ ಬಗಲಲ್ಲೊಂದು ಗ್ರಹ

ಕಡಬ, ಸುಳ್ಯದ ಹಳ್ಳಿಗಳಲ್ಲಿ ನಕ್ಷತ್ರ ನೋಡಲು ನವೆಂಬರ್ ಒಳ್ಳೆಯ ತಿಂಗಳು. ತೋಟದೊಳಗಿಂದ ಆಕಾಶ ಕಾಣುವುದಿಲ್ಲ. ಅಡಿಕೆ ಹರವಲು ಚೊಕ್ಕ ಮಾಡಿದ ಅಂಗಳಕ್ಕೆ ಬರಬೇಕು. ರಾತ್ರಿ ಎಂಟರ ಹೊತ್ತಿಗೆ ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ಬಂದಿರುತ್ತದೆ. ಅದರ ಪಶ್ಚಿಮದ ಎರಡು ನಕ್ಷತ್ರಗಳೇ ಪೂರ್ವಾಭಾದ್ರೆ. ಆ ಎರಡರ ನಡುವೆ, ತುಸು ಪಶ್ಚಿಮಕ್ಕೆ, ಒಂದು ಮಸುಕು ಚುಕ್ಕೆ ಇದೆ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಬರಿಗಣ್ಣಿಗೇ ಸಿಗುತ್ತದೆ. ಹೆಸರು 51 ಪೆಗಾಸಿ.

1995ರಲ್ಲಿ ಖಗೋಳ ವಿಜ್ಞಾನಿಗಳಾದ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಈ ನಕ್ಷತ್ರದ ಸಣ್ಣ ಓಲಾಟವನ್ನು ಅಳೆದು, ಅದರ ಸುತ್ತ ಗ್ರಹವೊಂದಿದೆ ಎಂದು ತೋರಿಸಿದರು. ಸೂರ್ಯನಂಥ ಬೇರೊಂದು ನಕ್ಷತ್ರದ ಸುತ್ತ ಸಿಕ್ಕ ಮೊದಲ ಗ್ರಹ ಅದು. 2019ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂದು ಹೊರಗ್ರಹಗಳ ಪಟ್ಟಿ 6,000 ದಾಟಿದೆ.

ಶಾಲೆಯ ಮಕ್ಕಳಿಗೆ ಈ ಚುಕ್ಕೆ ತೋರಿಸಿದಾಗಲೆಲ್ಲ ಅವರು ಕೇಳುವುದು ಒಂದೇ: “ಅಲ್ಲಿ ಜನ ಉಂಟಾ ಟೀಚರ್?” ಅಲ್ಲಿ ಇರಲು ಸಾಧ್ಯವಿಲ್ಲ. ಆ ಗ್ರಹ ತನ್ನ ನಕ್ಷತ್ರಕ್ಕೆ ತೀರಾ ಹತ್ತಿರದಲ್ಲಿ, ನಾಲ್ಕೂಕಾಲು ದಿನಕ್ಕೊಂದು ಸುತ್ತು ಹಾಕುವ ಸುಡುಬಿಸಿಯ ಅನಿಲಗೋಳ. ಹಾಗಾದರೆ ಬೇರೆ ಕಡೆ? ಅದಕ್ಕೆ ಉತ್ತರ ಹುಡುಕುವ ಶಿಸ್ತು ಎಂಥದ್ದೆಂದು ಹೇಳಲು ನಾನು ಉಡುಪಿ ಬಳಿಯ ಅದಮಾರಿನ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್ ಅವರ ಕಥೆಗೆ ಬರುತ್ತೇನೆ. 51 ಪೆಗಾಸಿ ನಮ್ಮಿಂದ ಸುಮಾರು 50 ಜ್ಯೋತಿರ್ವರ್ಷ ದೂರ. ನಾವೀಗ ನೋಡುವ ಬೆಳಕು ಅಲ್ಲಿಂದ ಹೊರಟದ್ದು, ರಾವ್ ಮುಂದಾಳುತನದ ಆರ್ಯಭಟ ಉಪಗ್ರಹ 1975ರಲ್ಲಿ ಹಾರಿದ ಕಾಲದಲ್ಲಿ.

2005ರ ಏಪ್ರಿಲ್‌ನಲ್ಲಿ, ಬಲು ಎತ್ತರದ ಗಾಳಿಯಲ್ಲಿ ಜೀವ ಉಂಟೇ ಎಂದು ಹುಡುಕಲು, ಇಸ್ರೊ ಹೈದರಾಬಾದಿನಿಂದ ದೊಡ್ಡ ಬಲೂನೊಂದನ್ನು ಹಾರಿಸಿತು. ಪ್ರಯೋಗದ ನೇತೃತ್ವ ಖಗೋಳ ವಿಜ್ಞಾನಿ ಜಯಂತ ನಾರಳೀಕರರದು, ರಾವ್ ಮಾರ್ಗದರ್ಶಕರಲ್ಲೊಬ್ಬರು. ಕ್ರಿಮಿಶುದ್ಧಿ ಮಾಡಿದ ಉಕ್ಕಿನ ಕೊಳವೆಗಳು 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದವು. ಅದರಲ್ಲಿ ಬೆಳೆದದ್ದು 12 ಬ್ಯಾಕ್ಟೀರಿಯಾ ಸಮೂಹ. ಒಂಬತ್ತು ಭೂಮಿಯ ಪರಿಚಿತ ಪ್ರಭೇದಗಳನ್ನು ಹೋಲುತ್ತಿದ್ದವು. ಮೂರು ಹೊಸವು, ಅವುಗಳಿಗೆ ಅತಿನೇರಳೆ ಕಿರಣ ತಡೆಯುವ ಶಕ್ತಿಯೂ ಹೆಚ್ಚು. ಜೀವ ಬಾಹ್ಯಾಕಾಶದಿಂದ ಬಂತೆಂದು ವಾದಿಸಿದ್ದ ಫ್ರೆಡ್ ಹಾಯ್ಲ್ ಹೆಸರನ್ನು ಒಂದಕ್ಕೆ ಇಟ್ಟರು. ಆದರೂ 2009ರಲ್ಲಿ ಫಲಿತಾಂಶ ಪ್ರಕಟಿಸುವಾಗ, ಇವು ಹೊರಗಿನಿಂದಲೇ ಬಂದವು ಎನ್ನಲು ಇಷ್ಟು ಸಾಲದು ಎಂದರು.

ಆ ಸಂಯಮ ನನಗೆ ಆವಿಷ್ಕಾರದಷ್ಟೇ ದೊಡ್ಡದು. ಹೊರಗಿನದು ಯಾವುದೆಂದು ಹೇಳಬೇಕಾದರೆ ಇಲ್ಲಿಯದೆಲ್ಲ ಗೊತ್ತಿರಬೇಕು. ನಮ್ಮ ಘಟ್ಟದ ಬುಡದ ಮಣ್ಣಿನ ಸೂಕ್ಷ್ಮಜೀವಿಗಳೇ ಇನ್ನೂ ಎಷ್ಟೋ ಅಪರಿಚಿತ. ಜೀವ ಇದೆಯೆಂದು ಖಚಿತವಾಗಿ ಗೊತ್ತಿರುವ ಜಾಗ ಸದ್ಯಕ್ಕೆ ಭೂಮಿಯೊಂದೇ. ಇಂಥ ತಿಳಿವನ್ನು ಜನರಿಗೆ ಮುಟ್ಟಿಸುವುದು ನಮ್ಮ ಸೀಮೆಗೆ ಹೊಸದಲ್ಲ: ಶಿವರಾಮ ಕಾರಂತರು ಕನ್ನಡಕ್ಕೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಕೊಟ್ಟದ್ದು ಪುತ್ತೂರಿನಿಂದ. ಕಡಬ, ಸುಳ್ಯ, ಪುತ್ತೂರು, ಈ ಮೂರು ತಾಲೂಕುಗಳ ಪ್ರತಿ ಪ್ರೌಢಶಾಲೆಯೂ ವರ್ಷಕ್ಕೊಂದು ರಾತ್ರಿ ದೀಪ ಆರಿಸಿ, ಮಕ್ಕಳನ್ನು ಅಂಗಳಕ್ಕೆ ಕರೆದು, ಆ ಚುಕ್ಕೆಯನ್ನು ತೋರಿಸಲಿ.