ಅರ್ಥವಾದವೂ ಅಪಮೃತ್ಯುವೂ: ಡಾರತಿ ಸೇಯರ್ಸ್ ರಚಿತ ಪತ್ತೇದಾರಿ ಕಾದಂಬರಿಯೊಂದರ ವಿಮರ್ಶೆ

ಪತ್ತೇದಾರಿ ಕಾದಂಬರಿಗಳು ವಿದ್ವದ್ಗೋಷ್ಠಿಯಲ್ಲಿ ಚರ್ಚೆಗೆ ಅರ್ಹವಲ್ಲವೆಂಬ ಅಭಿಪ್ರಾಯವು ಬಹುಕಾಲದಿಂದ ನೆಲೆನಿಂತಿದೆ. ಅವು ರೈಲುಪ್ರಯಾಣದ ಬೇಸರವನ್ನು ಕಳೆಯುವುದಕ್ಕೆ ಹುಟ್ಟಿದವು. ಒಮ್ಮೆ ಓದಿ ಗುಟ್ಟು ತಿಳಿದಮೇಲೆ ಮತ್ತೆ ಕೈಗೆತ್ತಿಕೊಳ್ಳತಕ್ಕವಲ್ಲ. ಪುನಃ ಪುನಃ ಅನುಸಂಧಾನವನ್ನು ಸಹಿಸದುದು ಕಾವ್ಯವೇ ಅಲ್ಲ ಎಂಬುದು ಪೂರ್ವಪಕ್ಷ. ಬಹುಪಾಲು ಕೃತಿಗಳ ಮಟ್ಟಿಗೆ ಈ ಪೂರ್ವಪಕ್ಷವು ಸತ್ಯವೇ ಹೌದು. ಆದರೆ ಕೊಲೆಗಾರನ ಹೆಸರು ತಿಳಿದ ಮೇಲೆಯೂ ಓದಬೇಕೆನ್ನಿಸುವ ಕೆಲವು ಕೃತಿಗಳು ಆಂಗ್ಲ ಸಾಹಿತ್ಯದಲ್ಲಿ ಉಂಟು. ಅವುಗಳಲ್ಲಿ 1933ರಲ್ಲಿ ಪ್ರಕಟವಾದ ‘ಮರ್ಡರ್ ಮಸ್ಟ್ ಅಡ್ವರ್ಟೈಸ್’ ಎಂಬುದು ಒಂದು. ಇದರ ಕಥೆ ನಡೆಯುವುದು ಒಂದು ಜಾಹೀರಾತಿನ ಕಛೇರಿಯಲ್ಲಿ. ಅಲ್ಲಿ ತಯಾರಾಗುವ ಸರಕು ಮಾತೊಂದೇ. ಆದಕಾರಣ ಶಬ್ದಾರ್ಥವಿಚಾರದಲ್ಲಿ ಪರಿಶ್ರಮವುಳ್ಳವರಿಗೆ ಈ ಕಾದಂಬರಿಯು ಗ್ರಂಥಕರ್ತ್ರಿಯು ಉದ್ದೇಶಿಸಿದುದಕ್ಕಿಂತಲೂ ಹೆಚ್ಚಿನದನ್ನು ಕೊಡುತ್ತದೆ.

ಡಾರತಿ ಸೇಯರ್ಸ್ 1893ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿ, ಅಲ್ಲಿಯ ಸಾಮರ್ವಿಲ್ ಕಾಲೇಜಿನಲ್ಲಿ ಓದಿ ಪ್ರಥಮವರ್ಗದಲ್ಲಿ ಉತ್ತೀರ್ಣಳಾದ ವಿದುಷಿ. ಆ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪದವಿಯನ್ನು ಕೊಡಲೊಪ್ಪಿದುದು 1920ರಲ್ಲಿ. ಹಾಗೆ ಪದವಿ ಪಡೆದವರ ಮೊದಲ ಪಂಕ್ತಿಯಲ್ಲಿಯೇ ಈಕೆಯೂ ಇದ್ದಳು. ಮುಂದೆ 1957ರಲ್ಲಿ ತೀರಿಕೊಳ್ಳುವಾಗ ಈಕೆ ದಾಂತೆ ಮಹಾಕವಿಯ ಕಾವ್ಯದ ಅನುವಾದದಲ್ಲಿ ತೊಡಗಿದ್ದಳು. ಇಂಥ ಪಾಂಡಿತ್ಯವುಳ್ಳವಳು ಜೀವನೋಪಾಯಕ್ಕಾಗಿ 1922ರಲ್ಲಿ ಲಂಡನ್ನಿನ ಎಸ್. ಎಚ್. ಬೆನ್ಸನ್ ಎಂಬ ಜಾಹೀರಾತಿನ ಸಂಸ್ಥೆಯನ್ನು ಸೇರಿ ಹಲವು ವರ್ಷ ಅಲ್ಲಿ ವಾಕ್ಯರಚನೆ ಮಾಡಿದಳು. 1926ರಲ್ಲಿ ಸಾಸಿವೆಯ ವ್ಯಾಪಾರಕ್ಕಾಗಿ ಆ ಸಂಸ್ಥೆಯು ‘ಮಸ್ಟರ್ಡ್ ಕ್ಲಬ್’ ಎಂಬ ಇಲ್ಲದ ಸಂಘವೊಂದನ್ನು ಕಲ್ಪಿಸಿ ಪ್ರಚಾರ ಮಾಡಿತು. ಆ ಕಲ್ಪನೆಯಲ್ಲಿ ಈಕೆಯ ಕೈ ಬಹಳವಾಗಿ ಇದ್ದಿತು. ಇಲ್ಲದ ಸಂಘಕ್ಕೆ ಇದ್ದ ಜನರು ಸದಸ್ಯರಾಗಿ ಬಿಲ್ಲೆಗಳನ್ನು ಧರಿಸಿಕೊಂಡರು. ವಾಕ್ಯಮಾತ್ರದಿಂದ ವಸ್ತುವನ್ನು ಉತ್ಪಾದಿಸುವ ಈ ಸಾಮರ್ಥ್ಯವನ್ನು ಹತ್ತಿರದಿಂದ ಕಂಡು, ಅದರಲ್ಲಿ ಪಾಲುಗೊಂಡು, ಅನಂತರ ಅದಕ್ಕೆ ಹೇಸಿದವಳು ಬರೆದ ಕಾದಂಬರಿ ಇದು ಎಂಬುದನ್ನು ಮೊದಲೇ ಮನಸ್ಸಿನಲ್ಲಿಡಬೇಕು.

ಕಥಾಸಂಗ್ರಹವಿಲ್ಲದೆ ವಿಮರ್ಶೆ ಸಾಗದು. ಗುಟ್ಟನ್ನು ತಾವೇ ಕಂಡುಕೊಳ್ಳಬೇಕೆಂಬ ಕುತೂಹಲವುಳ್ಳವರು ಮೂಲವನ್ನು ಓದಿ ಇಲ್ಲಿಗೆ ಮರಳುವುದು ಮೇಲು.

ಪಿಮ್ಸ್ ಪಬ್ಲಿಸಿಟಿ ಎಂಬ ಕಛೇರಿಯಲ್ಲಿ ವಿಕ್ಟರ್ ಡೀನ್ ಎಂಬ ತರುಣ ಲೇಖಕನು ಕಬ್ಬಿಣದ ಸುರುಳಿಮೆಟ್ಟಿಲಿನಿಂದ ಬಿದ್ದು ಸಾಯುತ್ತಾನೆ. ಕಛೇರಿಯಲ್ಲಿ ಏನೋ ಅಕ್ರಮ ನಡೆಯುತ್ತಿದೆಯೆಂದು ಯಜಮಾನನಿಗೆ ತಿಳಿಸುವ ಅವನ ಅಪೂರ್ಣ ಪತ್ರವೊಂದು ಸಿಕ್ಕುತ್ತದೆ. ಯಜಮಾನನು ಗುಪ್ತವಾಗಿ ಲಾರ್ಡ್ ಪೀಟರ್ ವಿಮ್ಸೀ ಎಂಬ ಹವ್ಯಾಸಿ ಪತ್ತೇದಾರನನ್ನು ಕರೆಯಿಸುತ್ತಾನೆ. ವಿಮ್ಸೀ ತನ್ನ ನಡುವಣ ಹೆಸರುಗಳಾದ ‘ಡೆತ್ ಬ್ರೆಡನ್’ ಎಂಬುದನ್ನೇ ಧರಿಸಿ ಸತ್ತವನ ಸ್ಥಾನದಲ್ಲಿ ಹೊಸ ನೌಕರನಾಗಿ ಸೇರಿಕೊಳ್ಳುತ್ತಾನೆ. ಬೆಣ್ಣೆಗೆ ಬದಲಾದ ಕೊಬ್ಬು, ಸಿಗರೇಟು, ನರಬಲಕ್ಕೆ ಸೇವಿಸುವ ‘ನ್ಯೂಟ್ರಾಕ್ಸ್’ ಮೊದಲಾದವುಗಳಿಗೆ ಹೊಗಳಿಕೆ ಬರೆಯುತ್ತ, ಬೆರಳಚ್ಚಿನ ಹೆಂಗಸರ ಹರಟೆಯನ್ನು ಕೇಳುತ್ತ, ಸಹೋದ್ಯೋಗಿಗಳ ಮತ್ಸರಗಳನ್ನು ಅಳೆಯುತ್ತ ಹೋಗುತ್ತಾನೆ. ಇತ್ತ ನಗರದಲ್ಲಿ ಕೊಕೇನ್ ಮಾರುವ ತಂಡವೊಂದು ಪ್ರತಿವಾರವೂ ಬೇರೆ ಬೇರೆ ಪಾನಗೃಹಗಳಲ್ಲಿ ಸರಕನ್ನು ಹಂಚುತ್ತಿರುತ್ತದೆ. ಈ ವಾರ ಯಾವ ಪಾನಗೃಹ ಎಂಬುದು ಹಂಚುವವರಿಗೆ ತಿಳಿಯುವ ಬಗೆ ಹೇಗೆ? ಶುಕ್ರವಾರದ ದಿನಪತ್ರಿಕೆಯಲ್ಲಿ ಬರುವ ನ್ಯೂಟ್ರಾಕ್ಸಿನ ಜಾಹೀರಾತಿನ ಮೊದಲ ಅಕ್ಷರವೇ ಆ ಪಾನಗೃಹದ ಹೆಸರಿನ ಮೊದಲ ಅಕ್ಷರ! ಅದನ್ನು ಮುಂಚಿತವಾಗಿ ಹೊರಗೆ ತಿಳಿಸುತ್ತಿದ್ದವನು ಟಾಲ್‌ಬಾಯ್ ಎಂಬ ಅಧಿಕಾರಿ. ಇದನ್ನು ಡೀನನು ಕಂಡುಹಿಡಿದು ಹಣ ಸುಲಿಯತೊಡಗಿದಾಗ, ಟಾಲ್‌ಬಾಯ್ ಜವಾನ ಹುಡುಗನ ಕವಣೆಯಿಂದ, ಡೀನನದೇ ಆದ ಕಲ್ಲಿನ ಜೀರುಂಡೆಯೊಂದನ್ನು ಮೇಲಣ ಗವಾಕ್ಷದ ಮಾರ್ಗವಾಗಿ ಅವನ ಕಪೋಲದ ಮೇಲ್ಭಾಗಕ್ಕೆ ಹೊಡೆದು ಕೊಂದಿರುತ್ತಾನೆ.

ಮೊದಲು ಅನುಮಾನಪ್ರಮಾಣದ ವಿಷಯ. ಕಡಿದಾದ ಮೆಟ್ಟಿಲು, ನುಣ್ಣನೆಯ ಪಾದರಕ್ಷೆ, ಆತುರದ ನಡಿಗೆ ಎಂಬ ಹೇತುಗಳಿಂದ ‘ಜಾರಿ ಬಿದ್ದನು’ ಎಂಬ ಸಾಧ್ಯವನ್ನು ಎಲ್ಲರೂ ಊಹಿಸಿ ಸುಮ್ಮನಾಗಿದ್ದರು. ವಿಮ್ಸೀಯು ಕೇಳುವುದು ಒಂದೇ ಪ್ರಶ್ನೆ: ಡೀನನ ಕೈಯಲ್ಲಿ ದೊಡ್ಡದೊಂದು ಭೂಪಟದ ಪುಸ್ತಕವಿದ್ದಿತಷ್ಟೆ, ಜಾರಿದವನು ಅದನ್ನು ಬಿಸುಟು ಕಂಬಿಯನ್ನು ಹಿಡಿದುಕೊಳ್ಳಲಿಲ್ಲವೇಕೆ? ಬೀಳುವವನು ಕೈಯಲ್ಲಿದ್ದುದನ್ನು ಬಿಡುವುದು ಸ್ವಭಾವ. ಬಿಡಲಿಲ್ಲವಾದುದರಿಂದ ಬೀಳುವುದಕ್ಕೆ ಮೊದಲೇ ಅವನಿಗೆ ಸ್ಮೃತಿ ತಪ್ಪಿರಬೇಕು. ಹೀಗೆ ವ್ಯತಿರೇಕವ್ಯಾಪ್ತಿಯ ಬಲದಿಂದ ಪತನವು ಕಾರಣವಲ್ಲ, ಕಾರ್ಯ ಎಂದು ನಿರ್ಣಯವಾಗುತ್ತದೆ. ನ್ಯಾಯಪಾಠದಲ್ಲಿ ಪರ್ವತ, ಧೂಮ, ವಹ್ನಿಗಳ ಉದಾಹರಣೆಯಿಂದ ಬೇಸತ್ತ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಇದನ್ನು ಧಾರಾಳವಾಗಿ ಹೇಳಬಹುದು.

ಸೇಯರ್ಸಳು ತಾನೇ 1935ರಲ್ಲಿ ಆಕ್ಸ್‌ಫರ್ಡಿನಲ್ಲಿ ಅರಿಸ್ಟಾಟಲನ ಕಾವ್ಯಮೀಮಾಂಸೆಗೂ ಪತ್ತೇದಾರಿ ಕಥೆಗೂ ಇರುವ ಸಂಬಂಧವನ್ನು ಕುರಿತು ಉಪನ್ಯಾಸ ಮಾಡಿದ್ದುಂಟು. ಸುಳ್ಳನ್ನು ಹೇಳದೆ, ಸತ್ಯವನ್ನೇ ಹೇಳುತ್ತ, ಓದುಗನು ತಾನಾಗಿ ತಪ್ಪು ಅನುಮಾನವನ್ನು ಮಾಡಿಕೊಳ್ಳುವಂತೆ ಮಾಡುವುದೇ ಈ ಕಲೆಯ ಮರ್ಮವೆಂಬುದು ಅಲ್ಲಿಯ ಪ್ರತಿಪಾದ್ಯ. ನಮ್ಮ ಪರಿಭಾಷೆಯಲ್ಲಿ ಇದು ಹೇತ್ವಾಭಾಸಗಳ ಸುಂದರವಾದ ಪ್ರಯೋಗ. ಆದರೆ ಇದೇ ಜಾಹೀರಾತಿನ ಮರ್ಮವೂ ಅಲ್ಲವೆ! ಕಾನೂನಿಗೆ ಸಿಕ್ಕುವ ಸುಳ್ಳನ್ನು ಅದು ಆಡುವುದಿಲ್ಲ. ಕೊಳ್ಳುವವನೇ ತಪ್ಪಾಗಿ ಊಹಿಸಿಕೊಳ್ಳುವಂತೆ ವಾಕ್ಯವನ್ನು ಹೂಡುತ್ತದೆ. ಕಥೆಗಾರ್ತಿಯ ವಿದ್ಯೆಯೂ ಜಾಹೀರಾತುಗಾರನ ವಿದ್ಯೆಯೂ ಒಂದೇ ಎಂಬ ಅಹಿತಕರವಾದ ಅರಿವು ಈ ಕೃತಿಯ ಒಳಗೆ ಎಲ್ಲೆಲ್ಲಿಯೂ ಹರಿದಿದೆ.

ಇದನ್ನು ಮೀಮಾಂಸಾದೃಷ್ಟಿಯಿಂದ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ವೇದದಲ್ಲಿ ವಿಧಿವಾಕ್ಯಗಳ ಬಳಿ ಸ್ತುತಿರೂಪವಾದ ಅರ್ಥವಾದಗಳಿರುವುವು. ಐಶ್ವರ್ಯವನ್ನು ಬಯಸುವವನು ವಾಯುದೇವತೆಗೆ ಯಾಗ ಮಾಡಬೇಕೆಂಬುದು ವಿಧಿ. ವಾಯುವು ಅತಿಶೀಘ್ರಗಾಮಿ ಎಂಬುದು ಅರ್ಥವಾದ. ಅರ್ಥವಾದಕ್ಕೆ ಸ್ವತಂತ್ರವಾದ ತಾತ್ಪರ್ಯವಿಲ್ಲ. ಪುರುಷನನ್ನು ಕರ್ಮದಲ್ಲಿ ಪ್ರವರ್ತಿಸುವಂತೆ ಹುರಿದುಂಬಿಸುವುದೇ ಅದರ ಪ್ರಯೋಜನ. ಪ್ರಮಾಣಾಂತರಕ್ಕೆ ವಿರುದ್ಧವಾದುದು ಗುಣವಾದ, ಪ್ರಮಾಣಾಂತರದಿಂದ ತಿಳಿದುದನ್ನೇ ಹೇಳುವುದು ಅನುವಾದ, ಎರಡೂ ಅಲ್ಲದುದು ಭೂತಾರ್ಥವಾದ ಎಂದು ಅದು ಮೂರು ಬಗೆ. ಪಿಮ್ಸ್ ಕಛೇರಿಯ ವಾಕ್ಯಗಳನ್ನು ಈ ಮೂರರಲ್ಲಿ ಹಂಚಿಬಿಡಬಹುದು. ನ್ಯೂಟ್ರಾಕ್ಸ್ ಸೇವಿಸಿದವನಿಗೆ ಬಾಳು ಹಗುರವಾಗುವುದೆಂಬುದು ಗುಣವಾದ. ದಣಿದವನಿಗೆ ನರಗಳು ಸೋಲುತ್ತವೆಂಬುದು ಅನುವಾದ. ಭೂತಾರ್ಥವಾದಕ್ಕೆ ಮಾತ್ರ ಅಲ್ಲಿ ಅವಕಾಶ ಅತ್ಯಲ್ಪ. ನಮ್ಮ ಪತ್ರಿಕೆಗಳ ಕೊನೆಯ ಪುಟಗಳಲ್ಲಿ ಬಲವರ್ಧಕ ಲೇಹ್ಯಗಳ ಪ್ರಶಂಸೆಯನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೇದದ ಅರ್ಥವಾದಕ್ಕೂ ಇದಕ್ಕೂ ಭೇದವೆಲ್ಲಿ ಎಂದರೆ, ಅಲ್ಲಿ ಕರ್ತೃವಿಲ್ಲದುದರಿಂದ ಕರ್ತೃದೋಷದ ಶಂಕೆಯೇ ಇಲ್ಲ. ಇಲ್ಲಿ ಕರ್ತೃವಿದ್ದೂ ಮರೆಯಾಗಿದ್ದಾನೆ. ಜಾಹೀರಾತಿನ ಕೆಳಗೆ ಯಾರ ಸಹಿಯೂ ಇಲ್ಲ. ಈ ಹುಸಿ ಅಪೌರುಷೇಯತ್ವದ ಮರೆಯಲ್ಲಿಯೇ ಟಾಲ್‌ಬಾಯ್ ತನ್ನ ಅಕ್ಷರವನ್ನು ಸಾಗಿಸಿದನು. ಲಕ್ಷಾಂತರ ಜನರು ಓದುವ ವಾಕ್ಯದ ಆದ್ಯಕ್ಷರವು ಹತ್ತು ಮಂದಿಗೆ ಮಾತ್ರ ಬೇರೊಂದನ್ನು ಹೇಳುತ್ತದೆ. ಚಿತ್ರಕವಿಗಳು ಆದ್ಯಕ್ಷರಗಳಲ್ಲಿ ಆಶ್ರಯದಾತನ ಹೆಸರನ್ನು ಹುದುಗಿಸುವ ಚಮತ್ಕಾರವು ಇಲ್ಲಿ ವಿಷದ ಹಂಚಿಕೆಗೆ ಸಾಧನವಾಗಿದೆ.

ಇನ್ನೊಂದು ಪ್ರಸಂಗವನ್ನು ಅಲಂಕಾರಶಾಸ್ತ್ರಜ್ಞರು ಗಮನಿಸಬೇಕು. ನ್ಯೂಟ್ರಾಕ್ಸಿನ ಒಂದು ಶೀರ್ಷಿಕೆಯು ತಾನಾಗಿ ನಿರ್ದುಷ್ಟವಾದುದು. ಆದರೆ ಚಿತ್ರದೊಡನೆ ಕೂಡಿದಾಗ ಅಸಭ್ಯವಾದ ಅರ್ಥವನ್ನು ತೋರುತ್ತದೆ. ಬರೆದವನಿಗೂ, ಒಪ್ಪಿದವರಿಗೂ, ಗಿರಾಕಿಗೂ ಕಾಣದ ಈ ವ್ಯಂಗ್ಯವು ಪತ್ರಿಕೆಯವರಿಗೆ ಕಡೆಯ ಗಳಿಗೆಯಲ್ಲಿ ಕಾಣಿಸಿ, ಕಛೇರಿಯಲ್ಲಿ ಕೋಲಾಹಲವಾಗುತ್ತದೆ. ಅಶ್ಲೀಲವೆಂಬ ದೋಷವು ಪದದಲ್ಲಿಯೂ ವಾಕ್ಯದಲ್ಲಿಯೂ ಹೇಗೆ ಅನುದ್ದಿಷ್ಟವಾಗಿ ಹುಟ್ಟುವುದೆಂದು ಮಮ್ಮಟಾದಿಗಳು ವಿಚಾರಿಸಿರುವುದಕ್ಕೆ ಇದಕ್ಕಿಂತ ವಿನೋದವಾದ ಉದಾಹರಣೆ ದೊರೆಯಲಾರದು.

ಇನ್ನು ರಸವಿಚಾರ. ಇಲ್ಲಿ ಅಂಗಿಯಾದುದು ಅದ್ಭುತ. ಶಂಕೆ, ಔತ್ಸುಕ್ಯ, ವಿತರ್ಕಗಳು ಸಂಚಾರಿಗಳಾಗಿ ಬಂದು ಕೊನೆಗೆ ಮತಿಯಲ್ಲಿ ನಿಲ್ಲುತ್ತವೆ. ಕಛೇರಿಯ ಹರಟೆಯಲ್ಲಿ ಹಾಸ್ಯವು ಧಾರಾಳ. ಶೃಂಗಾರವಾದರೋ ಬರಿಯ ಛಾಯೆಯಾಗಿ ಮಾತ್ರ ಇದೆ. ಆದರೆ ಆ ಛಾಯೆಯನ್ನು ಹೂಡಿರುವ ಬಗೆ ವಿಚಾರಾರ್ಹ. ಸತ್ತವನ ತಂಗಿ ಪಮೆಲಾಳನ್ನು ವಿಲಿಸ್ ಎಂಬ ಲೇಖಕನು ಪ್ರೀತಿಸುತ್ತಾನೆ. ಹೊಸಬನಾದ ಬ್ರೆಡನ್ನನು ಅವಳನ್ನು ಕೆಡಿಸಲು ಬಂದ ಖಳನೆಂದು ಭ್ರಮಿಸಿ ಅವನ ಬೆನ್ನುಹತ್ತುತ್ತಾನೆ. ಇದು ಋಜುವಾದ ರತಿ, ಆದಕಾರಣವೇ ಸ್ವಲ್ಪ ಹಾಸ್ಯಾಸ್ಪದವಾಗಿಯೂ ಇದೆ. ಟಾಲ್‌ಬಾಯಿಯನ್ನು ಹುಡುಕಿಕೊಂಡು ಕಛೇರಿಗೇ ಬರುವ ಒಬ್ಬ ಸ್ತ್ರೀಯ ಪ್ರಸಂಗವೂ ಉಂಟು. ವಿವಾಹಿತನಾದ ಅವನ ಸಂಕಟಗಳಿಗೆ ಅದೂ ಸೇರುತ್ತದೆ. ಮೂರನೆಯದು ಡಯಾನ್ ದ ಮಾಮರಿ ಎಂಬವಳದು. ಮಾದಕಸೇವನೆಯ ಗೋಷ್ಠಿಗಳಲ್ಲಿ ಬಾಳನ್ನು ಕಳೆಯುತ್ತಿರುವ ಇವಳು, ಮುಖವಾಡ ಧರಿಸಿ ವಿದೂಷಕವೇಷದಲ್ಲಿ ಕೊಳಲೂದುತ್ತ ಬರುವ ವಿಮ್ಸೀಗೆ ಮರುಳಾಗುತ್ತಾಳೆ. ಅವಳು ಬಯಸುವುದು ಮುಖವನ್ನಲ್ಲ, ಮುಖವಾಡವನ್ನು. ಅವನು ಅವಳಲ್ಲಿ ಬಯಸುವುದು ಸುದ್ದಿಯನ್ನು ಮಾತ್ರ. ಏಕಪಕ್ಷಾಶ್ರಿತವಾದ ರತಿಯು ರಸವಲ್ಲ, ರಸಾಭಾಸ ಎಂದು ಆಲಂಕಾರಿಕರು ಹೇಳಿರುವುದಷ್ಟೆ. ಸುಳ್ಳುಬಯಕೆಗಳನ್ನು ಹುಟ್ಟಿಸಿ ಮಾರುವ ಲೋಕದ ಕಥೆಯಲ್ಲಿ ಶೃಂಗಾರವು ಆಭಾಸವಾಗಿಯೇ ಬಂದಿರುವುದು ಉಚಿತವಾಗಿದೆ. ವಿಮ್ಸೀಯ ನಿಜವಾದ ಅನುರಾಗಕ್ಕೆ ಆಶ್ರಯಳಾದ ಹ್ಯಾರಿಯಟ್ ವೇನ್ 1930ರ ‘ಸ್ಟ್ರಾಂಗ್ ಪಾಯ್ಸನ್’ ಕೃತಿಯಲ್ಲಿ ಬಂದು, 1935ರ ‘ಗಾಡಿ ನೈಟ್’ನಲ್ಲಿ ಅವನನ್ನು ಒಪ್ಪುತ್ತಾಳೆ, ಈ ಕೃತಿಯ ವ್ಯಾಪಾರದಲ್ಲಿ ಅವಳಿಗೆ ಪಾತ್ರವಿಲ್ಲ. ಇಲ್ಲದಿರುವುದೇ ಸರಿ. ಈ ಮನೆಯೊಳಗೆ ಅವಳು ಕಾಲಿಟ್ಟಿದ್ದರೆ ಅವಳ ಮಾತೂ ಒಂದು ಶೀರ್ಷಿಕೆಯಾಗಿಬಿಡುತ್ತಿದ್ದಿತು.

ದೋಷಗಳೂ ಇಲ್ಲದಿಲ್ಲ. ಮಾದಕವ್ಯಾಪಾರಿಗಳ ಲೋಕವು ಕಛೇರಿಯ ಮುಂದೆ ತೀರ ನಿರ್ಜೀವವಾಗಿದೆ. ಮೇಜರ್ ಮಿಲಿಗನ್ ಮೊದಲಾದವರು ಕಟ್ಟಿಗೆಯ ಗೊಂಬೆಗಳು. ಜಾಹೀರಾತಿನ ಲೋಕವೂ ಮಾದಕದ ಲೋಕವೂ ಎರಡೂ ರಟ್ಟಿನ ಲೋಕಗಳೆಂದು ತೋರಿಸುವುದೇ ತನ್ನ ಉದ್ದೇಶವೆಂದು ಸೇಯರ್ಸಳು ಮುಂದೆ ವಿವರಿಸಿದಳು. ಕೃತಿ ಪೂರ್ಣವಾಗಿ ಫಲಿಸಲಿಲ್ಲವೆಂದೂ ಒಪ್ಪಿಕೊಂಡಳು. ಆದರೆ ಬಲ್ಲ ಲೋಕವನ್ನು ಬರೆಯುವಾಗ ಕೈ ತಾನಾಗಿ ಓಡಿದೆ, ಅರಿಯದ ಲೋಕದಲ್ಲಿ ತೊಡರಿದೆ. ಉದ್ದೇಶದ ಹೆಸರಿನಿಂದ ಇದನ್ನು ಸಮರ್ಥಿಸಲಾಗದು. ಕ್ರಿಕೆಟ್ ಆಟದ ಅಧ್ಯಾಯವು ಇದಕ್ಕೆ ಪ್ರತ್ಯುದಾಹರಣೆ. ಪೆಟ್ಟು ತಗುಲಿ ರೇಗಿದ ಬ್ರೆಡನ್ನನು ತನ್ನ ವೇಷವನ್ನು ಮರೆತು ಆಡಿದಾಗ ಹಿರಿಯನೊಬ್ಬನು ಆ ಆಟದ ಶೈಲಿಯಿಂದಲೇ ಇವನು ವಿಮ್ಸೀ ಎಂದು ಗುರುತಿಸುತ್ತಾನೆ. ಅದೇ ಆಟದಲ್ಲಿ ಟಾಲ್‌ಬಾಯ್ ಎಸೆದ ಚೆಂಡು ಗುರಿತಪ್ಪದೆ ಹೋಗುವುದು ಕವಣೆಯ ಕೈ ಯಾವುದೆಂಬುದನ್ನು ಸೂಚಿಸುತ್ತದೆ. ಉಂಗುರವಿಲ್ಲದ ಈ ಉಭಯಾಭಿಜ್ಞಾನವು ರಮಣೀಯವಾಗಿದೆ.

ಕೃತಿಯ ನಿಜವಾದ ಭಾರವಿರುವುದು ನಿರ್ವಹಣದಲ್ಲಿ. ಟಾಲ್‌ಬಾಯ್ ರಾತ್ರಿಯಲ್ಲಿ ವಿಮ್ಸೀಯ ಮನೆಗೆ ಬಂದು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಸ್ವಲ್ಪ ಹಣದ ಆಸೆಗೆ, ಸಾಗುತ್ತಿರುವುದು ಏನೆಂಬುದನ್ನೂ ಅರಿಯದೆ ಒಂದು ಅಕ್ಷರವನ್ನು ಹೇಳಿ, ಮುಂದೆ ಬಿಡಿಸಿಕೊಳ್ಳಲಾರದೆ, ಕೊನೆಗೆ ಕೊಲೆಗಾರನಾದವನು ಅವನು. ನೇಣಿಗೆ ಹೋದರೆ ಹೆಂಡತಿಗೂ ಮಗುವಿಗೂ ಕಳಂಕ. ವಿಮ್ಸೀಯು ಒಂದು ದಾರಿ ತೋರಿಸುತ್ತಾನೆ: ಕಾಲ್ನಡಿಗೆಯಲ್ಲಿ ಮನೆಗೆ ಹೋಗು, ಹಿಂದಿರುಗಿ ನೋಡಬೇಡ. ಹೊರಗೆ ಆ ತಂಡದ ಕೊಲೆಗಡುಕರು ಕಾದಿರುವುದು ಇಬ್ಬರಿಗೂ ಗೊತ್ತು. ಅವನು ಹೋಗುತ್ತಾನೆ.

ಇದು ಧರ್ಮವೇ? ರಾಜದಂಡವನ್ನು ಅನುಭವಿಸಿದ ಪಾಪಿಯು ಶುದ್ಧನಾಗಿ ಸುಕೃತಿಗಳ ಗತಿಯನ್ನು ಪಡೆಯುವನೆಂದು ಮನುಸ್ಮೃತಿಯ ಅಭಿಪ್ರಾಯ. ಇಲ್ಲಿ ದಂಡವನ್ನು ಕೊಡುವವರು ದುಷ್ಟರು. ಅದಕ್ಕೆ ಅನುಮತಿಸುವವನು ಅಧಿಕಾರವಿಲ್ಲದ ಹವ್ಯಾಸಿ. ಮೃಚ್ಛಕಟಿಕದಲ್ಲಿ ವಿದೂಷಕನ ಕಂಕುಳಿನಿಂದ ಆಭರಣಗಳು ಬಿದ್ದಾಗ ನಿರಪರಾಧಿಯಾದ ಚಾರುದತ್ತನ ಮೇಲೆ ಕೊಲೆಯ ಆರೋಪವು ಸ್ಥಿರವಾಗುತ್ತದೆ. ಆದರೂ ಅಲ್ಲಿ ಅಧಿಕರಣವೊಂದಿದೆ, ಬಹಿರಂಗವಾದ ವಿಚಾರಣೆಯಿದೆ, ಕೊನೆಗೆ ಚಾರುದತ್ತನು ಶಕಾರನನ್ನು ಎಲ್ಲರೆದುರಿಗೆ ಕ್ಷಮಿಸುತ್ತಾನೆ. ವಿಮ್ಸೀಯದು ಕ್ಷಮೆಯೂ ಅಲ್ಲ, ದಂಡವೂ ಅಲ್ಲ; ಮರ್ಯಾದೆಯ ಹೆಸರಿನಲ್ಲಿ ಸತ್ಯವನ್ನು ಮರೆಮಾಡುವ ಏರ್ಪಾಡು. ಟಾಲ್‌ಬಾಯಿಯ ಸಾವು ದಾರಿಗಳ್ಳರ ಕೃತ್ಯವೆಂದು ಲೋಕವು ನಂಬಲಿ ಎಂಬುದೇ ಅದರ ಹೃದಯ. ಹೀಗೆ ಸುಳ್ಳುಮಾತಿನ ಮನೆಯಲ್ಲಿ ಸತ್ಯವನ್ನು ಹುಡುಕಲು ಬಂದವನು ಹೊರಡುವಾಗ ತಾನೂ ಒಂದು ಜಾಹೀರಾತನ್ನು ರಚಿಸಿ ಹೋಗುತ್ತಾನೆ. ಗ್ರಂಥಕರ್ತ್ರಿಯು ಇದನ್ನು ತಿಳಿದೇ ಹೀಗೆ ಮಾಡಿದಳೆಂದು ಹೇಳಲು ಆಧಾರವುಂಟು. ಕಛೇರಿಯ ಮಿಸ್ ಮೆಟಿಯಾರ್ಡ್, ಸೇಯರ್ಸಳಂತೆಯೇ ಸಾಮರ್ವಿಲ್ಲಿನಲ್ಲಿ ಓದಿದವಳು, ಅಪರಾಧಿ ಯಾರೆಂಬುದನ್ನು ಮೊದಲೇ ಊಹಿಸಿಯೂ ಸುಮ್ಮನಿದ್ದವಳು. ಗ್ರಂಥದ ಕಡೆಯ ಪುಟದಲ್ಲಿ ದುಃಖದ ಮಾತೇ ಇಲ್ಲ. ಕೊಳ್ಳಿರಿ, ತಿನ್ನಿರಿ, ಕುಡಿಯಿರಿ ಎಂಬ ಬಗೆಯ ವಿಧಿವಾಕ್ಯಗಳು ಒಂದರ ಮೇಲೊಂದಾಗಿ ಬರುತ್ತವೆ. ಅವನ್ನು ಆಡುವವರು ಯಾರೆಂದು ಅಲ್ಲಿ ಹೇಳಿಲ್ಲ.