ಜೀಪಿನ ಕೆಳಗೆ ಆಯಿಲ್ ಹನಿ: ಗೇರ್‌ಬಾಕ್ಸ್ ಇಳಿಸೋ ಮುಂಚೆ ಇದನ್ನ ಕೇಳಿ

ಇವತ್ತಿನ ಸಂಚಿಕೆ ಕೆಸರು, ಘಾಟಿ, ಕಾಡುದಾರಿ ಅಂತ ಜೀಪ್ ಓಡಿಸುವವರಿಗೆ. ಸೆಕೆಂಡ್ ಹ್ಯಾಂಡ್ ಜೀಪ್ ತಗೋಬೇಕು ಅಂತ ಇರೋರೂ ಕೇಳಿ, ಉಪಯೋಗಕ್ಕೆ ಬರುತ್ತೆ. ವಿಷಯ ಚಿಕ್ಕದು: ರಾತ್ರಿ ನಿಲ್ಲಿಸಿದ ಗಾಡಿಯ ಕೆಳಗೆ ಬೆಳಿಗ್ಗೆ ಕಾಣುವ ಕಪ್ಪು ಆಯಿಲ್ ಹನಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಅದು ಬೀಳ್ತಾ ಇದ್ರೆ, ಅನುಮಾನ ಹೋಗೋದು ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ಆಯಿಲ್ ಸೀಲ್ ಮೇಲೆ.

ಒಂದು ಹನಿಗೆ ಇಷ್ಟು ತಲೆಬಿಸಿ ಯಾಕೆ?

ಆಯಿಲ್ ಕಮ್ಮಿಯಾದ್ರೆ ಮತ್ತೆ ಹಾಕ್ಬಹುದು, ನಿಜ. ಆದರೆ ಈ ಸೀಲ್ ಪಕ್ಕದಲ್ಲೇ ಫ್ಲೈವೀಲ್, ಅದರ ಹಿಂದೆ ಕ್ಲಚ್ ಪ್ಲೇಟ್ ಇದೆ. ಆಯಿಲ್ ತಾಗಿದ ಕ್ಲಚ್ ಪ್ಲೇಟ್ ಹಿಡಿಯೋದಿಲ್ಲ, ಜಾರುತ್ತೆ. ಮಡಿಕೇರಿ ಹತ್ತಿರದ ಮಾಂದಲ್‌ಪಟ್ಟಿಯಂಥ ದಾರಿ ನೆನಪಿಸಿಕೊಳ್ಳಿ. ಹತ್ತುವಾಗ ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ಇಳಿಯುವಾಗ ಇನ್ನೂ ಅಪಾಯ. ಫೋರ್ ವೀಲ್ ಲೋ, ಫಸ್ಟ್ ಗೇರ್ ಹಾಕಿ, ಎಂಜಿನ್ನೇ ಗಾಡಿಯನ್ನ ತಡೆಯಲಿ ಅಂತ ಬಿಟ್ಟಿರ್ತೀವಿ. ಕ್ಲಚ್ ಜಾರಿದರೆ ಆ ಹಿಡಿತ ಹೋಯ್ತು. ಉಳಿಯೋದು ಬ್ರೇಕ್ ಮಾತ್ರ. ಒದ್ದೆ ಕೆಸರಲ್ಲಿ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ನಿಲ್ಲುತ್ತೆ, ಗಾಡಿ ನಿಲ್ಲಲ್ಲ.

ಸೀಲ್ ಹೇಗೆ ಕೆಲಸ ಮಾಡುತ್ತೆ?

ಅದೊಂದು ರಬ್ಬರ್ ಬಳೆ. ಒಳಗೆ ತೆಳುವಾದ ತುಟಿ, ಅದನ್ನ ಶಾಫ್ಟ್‌ಗೆ ಒತ್ತಿ ಹಿಡಿಯೋಕೆ ಸಣ್ಣ ಸುತ್ತು ಸ್ಪ್ರಿಂಗ್. ತುಟಿಯ ಸ್ಪ್ರಿಂಗ್ ಇರುವ ಮುಖ ಯಾವಾಗಲೂ ಆಯಿಲ್ ಕಡೆಗೇ ಇರ್ಬೇಕು. 80 ಮಿಲಿಮೀಟರ್ ದಪ್ಪದ ಶಾಫ್ಟ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ, ಆ ತುಟಿಯ ಕೆಳಗೆ ಲೋಹ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಉಜ್ಜಿಕೊಂಡು ಓಡ್ತಾ ಇರುತ್ತೆ. ಮಧ್ಯೆ ಇರೋದು ಆಯಿಲ್‌ನ ತೆಳು ಪೊರೆ ಅಷ್ಟೇ. ಬಿಸಿಗೆ, ವಯಸ್ಸಿಗೆ ರಬ್ಬರ್ ಗಟ್ಟಿಯಾಗುತ್ತೆ, ತುಟಿ ಸವೆಯುತ್ತೆ, ಸೋರಿಕೆ ಶುರು.

ಸೋರ್ತಿರೋದು ಅದೇನಾ?

ನಮ್ಮ ಹಳೇ ಡೀಸೆಲ್ ಜೀಪಿನ ಈ ಕೆಲಸ ನಡೆದಾಗ ನಾನು ಎರಡು ದಿನ ಗ್ಯಾರೇಜಲ್ಲಿ ಮೇಸ್ತ್ರಿ ಜೊತೆಗೇ ಇದ್ದೆ. ಅವರು ಮೊದಲು ಸ್ಪಾನರ್ ಮುಟ್ಟಲಿಲ್ಲ, ಗಾಡಿಯ ಅಡಿ ತೊಳೆಸಿದರು. ಯಾಕಂದ್ರೆ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೋರಿದರೂ ಆಯಿಲ್ ಎಂಜಿನ್ ಬೆನ್ನ ಮೇಲೆ ಇಳಿದು ಅದೇ ಜಾಗದಲ್ಲಿ ಹನಿಯುತ್ತೆ. ತೊಳೆದು, ಒಣಗಿಸಿ, ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ ಎಂಜಿನ್ ಓಡಿಸಿದರೆ ಒದ್ದೆ ಗೆರೆ ಎಲ್ಲಿಂದ ಶುರುವಾಗುತ್ತೆ ಅಂತ ಗೊತ್ತಾಗುತ್ತೆ. ಇನ್ನೊಂದು ಗುರುತು ವಾಸನೆ. ಡೀಸೆಲ್ ಎಂಜಿನ್ ಆಯಿಲ್ ಕಪ್ಪಗೆ, ತೆಳ್ಳಗೆ. ಗೇರ್ ಆಯಿಲ್ ಮಂದ, ಗಂಧಕದಂಥ ವಾಸನೆ. ಅದಾದರೆ ಸೋರ್ತಿರೋದು ಗೇರ್‌ಬಾಕ್ಸ್ ಕಡೆಯ ಸೀಲ್.

ಹಾಳಾಗಿದ್ದು ಯಾಕೆ?

ಇವತ್ತಿನ ಮುಖ್ಯ ಮಾತು ಇದು. ಕಾರಣ ಹುಡುಕದೆ ಹೊಸ ಸೀಲ್ ಹಾಕಿದರೆ ಅದೂ ಸೋರುತ್ತೆ. ನೋಡಬೇಕಾದ್ದು ಮೂರು.

ಒಂದು, ಬ್ರೀದರ್. ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತೆ, ಬ್ರೀದರ್ ಪೈಪ್ ಅದನ್ನ ಹೊರಗೆ ಬಿಡುತ್ತೆ. ಪೈಪ್ ಕಟ್ಟಿಕೊಂಡರೆ ಒಳಗಿನ ಒತ್ತಡ ಆಯಿಲನ್ನ ಸೀಲ್ ದಾಟಿಸಿ ತಳ್ಳುತ್ತೆ. ನಮ್ಮ ಜೀಪಿನ ಪೈಪಲ್ಲಿ ಕೆಸರು, ಆಯಿಲ್ ಸೇರಿ ಗಟ್ಟಿಯಾಗಿ ಕೂತಿತ್ತು. ಪೈಪ್ ಶುದ್ಧವಾಗಿದ್ದೂ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಭಾರೀ ಹೊಗೆ ಉಗುಳಿದರೆ, ಅದು ಪಿಸ್ಟನ್ ರಿಂಗ್ ಸವೆದ ಲಕ್ಷಣ, ಸೀಲ್‌ನಿಂದ ಸರಿಹೋಗಲ್ಲ.

ಎರಡು, ಶಾಫ್ಟ್ ಮೇಲಿನ ಗೆರೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿ, ಮೆತ್ತನೆ ರಬ್ಬರ್ ಕೂಡ ಉಕ್ಕಿನಲ್ಲಿ ಗೆರೆ ಕೊರೆಯುತ್ತೆ. ಹಳೇ ಸೀಲ್ ತೆಗೆದ ಮೇಲೆ ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಂಡರೆ ತೆಳುವಾದ ಸ್ಟೀಲ್ ಸ್ಲೀವ್ ಹಾಕಿಸ್ಬೇಕು, ಇಲ್ಲವೇ ಜಾಗ ಇದ್ದರೆ ಸೀಲನ್ನ ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸ್ಬೇಕು.

ಮೂರು, ಶಾಫ್ಟ್‌ನ ಅಲುಗಾಟ. ಮೇನ್ ಬೇರಿಂಗ್ ಸವೆದಿದ್ದರೆ ಎಷ್ಟು ಒಳ್ಳೆ ಸೀಲ್ ಆದರೂ ಬಾಳಿಕೆ ಬರಲ್ಲ. ಡಯಲ್ ಗೇಜ್ ಇಟ್ಟು ಅಳೆಸಿ.

ಕೆಲಸ ಹೇಗೆ ನಡೆಯುತ್ತೆ?

ಬ್ಯಾಟರಿ ನೆಗೆಟಿವ್ ಬಿಚ್ಚಿ, ಗಾಡಿಯನ್ನ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸ್ತಾರೆ. ಬರೀ ಜ್ಯಾಕ್ ನಂಬಿ ಯಾರೂ ಕೆಳಗೆ ಹೋಗಬಾರದು. ಪ್ರೊಪೆಲ್ಲರ್ ಶಾಫ್ಟ್‌ಗಳು, ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ – ಇಷ್ಟೂ ಇಳಿದ ಮೇಲೆ ಸೀಲ್ ಕಾಣೋದು. ಗೇರ್‌ಬಾಕ್ಸ್ ಭಾರ ಇರೋದ್ರಿಂದ ಇದು ಮನೆ ಅಂಗಳದಲ್ಲಿ ಒಬ್ಬರೇ ಮಾಡೋ ಕೆಲಸ ಅಲ್ಲ.

ಹಳೇ ಸೀಲ್ ಕೀಳುವಾಗ ಸ್ಕ್ರೂಡ್ರೈವರ್ ಶಾಫ್ಟ್‌ಗೆ ತಾಗಿ ಗೀರು ಬಿದ್ದರೆ ಮತ್ತೆ ಸೋರಿಕೆ ಗ್ಯಾರಂಟಿ. ಹೊಸ ರಬ್ಬರ್ ಸೀಲ್‌ನ ತುಟಿಗೆ ಆಯಿಲ್ ಸವರಬೇಕು. ಆದರೆ ಪಿಟಿಎಫ್‌ಇ ಸೀಲ್ ಆದರೆ ಸಾಮಾನ್ಯವಾಗಿ ಒಣಗಿದ್ದೇ ಹಾಕ್ಬೇಕು, ಪ್ಯಾಕೆಟ್ ಮೇಲಿನ ಸೂಚನೆ ಓದಿ. ಸುತ್ತ ಒಂದೇ ಸಮ ಒತ್ತಡ ಬೀಳುವಂತೆ ನೇರವಾಗಿ ಕೂರಿಸ್ಬೇಕು. ಒಂದು ಕಡೆ ಸುತ್ತಿಗೆ ಬಡಿದರೆ ಸೊಟ್ಟಗಾಗುತ್ತೆ. ಫ್ಲೈವೀಲ್ ಬೋಲ್ಟ್‌ಗಳನ್ನ ಟಾರ್ಕ್ ರೆಂಚ್‌ನಲ್ಲೇ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿಸಿ.

ಬಿಲ್ ಬಗ್ಗೆ ಒಂದು ಮಾತು

ಸೀಲ್ ಬೆಲೆ ಕಮ್ಮಿ, ಖರ್ಚೆಲ್ಲ ಕೂಲಿಯದ್ದು. ಆದ್ದರಿಂದ ಗೇರ್‌ಬಾಕ್ಸ್ ಕೆಳಗಿದ್ದಾಗಲೇ ಅದರ ಮುಂದಿನ ಸೀಲ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ನೋಡಿಬಿಡಿ. ಆಯಿಲ್ ಕುಡಿದ ಕ್ಲಚ್ ಪ್ಲೇಟನ್ನ ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕೋಣ ಅಂದ್ರೆ ಬೇಡ ಅನ್ನಿ, ಹೊಸದೇ ಹಾಕಿಸಿ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದವರು ಬೆಲ್ ಹೌಸಿಂಗ್ ಅಡಿಯ ಸಣ್ಣ ತೂತಿಗೆ ಮೊಬೈಲ್ ಟಾರ್ಚ್ ಬಿಡಿ. ಅಲ್ಲಿ ಒದ್ದೆ ಇದ್ದರೆ ಗೇರ್‌ಬಾಕ್ಸ್ ಇಳಿಸೋ ಖರ್ಚು ಕಳೆದು ಬೆಲೆ ಮಾತಾಡಿ. ಸ್ವಂತ ಗಾಡಿ ಇರೋರು ಮಳೆಗಾಲಕ್ಕೆ ಮುಂಚೆ ಬ್ರೀದರ್ ಪೈಪ್ ಬಿಚ್ಚಿ ತೊಳೀರಿ, ಅದಕ್ಕೆ ಹೆಚ್ಚು ಹೊತ್ತೂ ಬೇಡ, ದುಡ್ಡೂ ಬೇಡ.